ಐದನೆಯವನ ಕಣ್ಣು

ಭದ್ರೆಯ ನೆರೆಯಲ್ಲಿ ಕೊಚ್ಚಿಹೋದ ತಮ್ಮ ವಿಶ್ವಾರಾಧ್ಯನ ಮುಖ ಶಾಂಭವಿಗೆ ಮರೆತೇಹೋಗಿತ್ತು. ಇದ್ದ ಫೋಟೋಗಳನ್ನೆಲ್ಲ ಗೆದ್ದಲು ತಿಂದಿತ್ತು. ಅವನನ್ನು ಬರೆದು ಅಮ್ಮನಿಗೊಮ್ಮೆ ತೋರಿಸಬೇಕೆಂಬ ಒಂದೇ ಹಟಕ್ಕೆ ಅವಳು ಭಾನುವಾರ ಭಾನುವಾರ ಶಿವಮೊಗ್ಗದಲ್ಲಿ ಬಸ್ಸು ಹತ್ತಿ, ಭದ್ರಾವತಿಯಲ್ಲಿದ್ದ ತನ್ನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಹಾಲಸ್ವಾಮಿಯವರ ಮನೆಗೆ ಹೋಗತೊಡಗಿದಳು.

ಮೇಷ್ಟ್ರು ಮುಖದ ಮಾತೇ ಎತ್ತಲಿಲ್ಲ. ಹಳೆಯ ಕ್ಯಾಲೆಂಡರಿನ ಚಿತ್ರವೊಂದನ್ನು ಕೈಗಿಟ್ಟರು. ಕಪ್ಪು ಮೋಡ, ಉಕ್ಕುವ ಹೊಳೆ, ದಡದ ಬಂಡೆಗಳ ಮೇಲೆ ನಮಗೆ ಬೆನ್ನು ಹಾಕಿ ಓಡುತ್ತಿರುವ ಐದು ಜನ.

"ತಲೆಕೆಳಗಾಗಿ ಇಟ್ಕೊಂಡು, ಚೌಕ ಹಾಕಿ, ಒಂದೊಂದೇ ಚೌಕ ನಕಲು ಮಾಡು. ನೆಟ್ಟಗಿಟ್ಕೊಂಡ್ರೆ ಕಂಡಿದ್ದು ಬಿಟ್ಟು ನಿಂಗೆ ಬೇಕಾದ್ದು ಬರೀತೀಯ" ಎಂದರು.

ಬೇಸರದ ಕೆಲಸ. ಆದರೂ ಹಲ್ಲು ಕಚ್ಚಿ, ರವೀಂದ್ರನಗರದ ತನ್ನ ಮನೆಯ ಊಟದ ಮೇಜಿನ ಮೇಲೆ ಮುಗಿಸಿದಳು. ಚಿತ್ರದ ಹಲಗೆಯನ್ನು ನೆಟ್ಟಗೆ ತಿರುಗಿಸಿದಳು. ನಾಲ್ವರದು ಬೆನ್ನು. ಐದನೆಯವನು ಮಾತ್ರ ಇತ್ತ ತಿರುಗಿ ನಿಂತಿದ್ದ. ಹೆಬ್ಬೆರಳ ಉಗುರಿನಷ್ಟು ಮುಖ, ಮೊಂಡು ಮೂಗು, ಕೂಡಿದ ಹುಬ್ಬು. ವಿಶ್ವನೇ. ಕಣ್ಣಿನ ಜಾಗ ಖಾಲಿಯಿತ್ತು. ಅವಳು ಬಿಕ್ಕಿ ಬಿಕ್ಕಿ ಅತ್ತಳು, ಸಂತೋಷಕ್ಕೇ. ಎಸ್‌ಟಿಡಿ ಬೂತಿಗೆ ಓಡಿ ಆಯನೂರಿಗೆ ಫೋನ್ ಮಾಡಿ, ಸೋಮವಾರ ಬಾ ಎಂದು ಅಮ್ಮನಿಗೆ ಹೇಳಿದಳು.

ಭಾನುವಾರ ಮೇಷ್ಟ್ರು ಚಿತ್ರ ನೋಡಿ ಕನ್ನಡಕ ತೆಗೆದು ಒರೆಸಿದರು. "ಇವ್ನನ್ನ ನೀನು ಬರ್ದಿಲ್ಲ. ಹಾಗೇ ಇರ್ಲಿ, ಕಣ್ಣು ಮಾತ್ರ ಬಿಡಿಸ್ಬೇಡ ಮಾರಾಯ್ತಿ. ದೇವ್ರ ಪಟಕ್ಕೂ ಕಣ್ಣು ಕೊನೇಗೆ ಯಾಕೆ ಬರೀತಾರೆ? ಆಮೇಲೆ ಅದು ನೋಡತ್ತೆ."

ಕೇಳುವವರು ಯಾರು? ಹೆತ್ತವಳಿಗೆ ಕಣ್ಣಿಲ್ಲದ ಮುಖ ತೋರಿಸುವುದಾದರೂ ಹೇಗೆ? ಸಂಜೆ ಮನೆಗೆ ಬಂದವಳೇ ಸಣ್ಣ ಕುಂಚದಲ್ಲಿ ಎರಡು ಚುಕ್ಕೆ ಇಟ್ಟಳು. ಆ ಕಣ್ಣುಗಳು ಅವಳನ್ನು ನೋಡಿದವು. ಆಮೇಲೆ ನಿಧಾನವಾಗಿ ಪಕ್ಕಕ್ಕೆ ಹೊರಳಿ, ಉಕ್ಕಿ ಬರುತ್ತಿದ್ದ ಹೊಳೆಯನ್ನು ನೋಡಿದವು. ಹಲಗೆಗೆ ಬಟ್ಟೆ ಮುಚ್ಚಿ ಆಚೆ ಬಂದಳು.

ಬೆಳಿಗ್ಗೆ ಬಟ್ಟೆ ತೆಗೆದರೆ ಕ್ಯಾಲೆಂಡರಿನದೇ ಪಡಿಯಚ್ಚು. ಐವರದೂ ಬೆನ್ನೇ. ಕಣ್ಣು ಮುಚ್ಚಿ ಅವನ ಮುಖ ನೆನೆಯಲು ನೋಡಿದಳು. ಮೂಗು ಹೇಗಿತ್ತೆಂಬುದೂ ಹೊಳೆಯಲಿಲ್ಲ.

ಅಷ್ಟರಲ್ಲಿ ಅಮ್ಮ ಶಕುಂತಲಮ್ಮ ಬಂದರು. ಯಾರ ಚಿತ್ರವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೈಚೀಲ ಕೆಳಗಿಡದೆಯೇ, ಎಲ್ಲರಿಗಿಂತ ಮುಂದೆ ಓಡುತ್ತಿದ್ದವನ ಬೆನ್ನ ಮೇಲೆ ಬೆರಳಿಟ್ಟರು.

"ಯಾಕೆ ಶಾಂಭವಿ, ನಿನ್ ತಮ್ಮನ್ನ ಹಿಂಗೆ ಹೆದ್ರಿಸ್ದೆ?" ಎಂದರು.