ಹೊಲಿಗೆಗೆಂದು ಬಿಟ್ಟ ಅಳತೆ

ಬೀದಿಯ ಕೊನೆಯ ದೀಪ ಕೆಟ್ಟು ಎರಡು ತಿಂಗಳಾಗಿತ್ತು. ಅದರ ಕೆಳಗೆ ಚರಂಡಿಯ ಚಪ್ಪಡಿಯೂ ಮುರಿದಿತ್ತು. ಅಲ್ಲಿಂದಾಚೆ ಮೂರನೇ ಮನೆಯಲ್ಲಿ ಟೈಲರನ ಹೆಂಡತಿಯ ಅಕ್ಕ ಹಾಸಿಗೆ ಹಿಡಿದಿದ್ದಳು. ದಿನಾ ಸಂಜೆ ಡಬ್ಬಿಯಲ್ಲಿ ಊಟ ಒಯ್ದು, ತುತ್ತು ಮಾಡಿ ತಿನ್ನಿಸಿ, ತಲೆ ಬಾಚಿ ಬರುವುದು ತಂಗಿಯ ಪದ್ಧತಿ. ಅವಳ ಕಣ್ಣು ಮಂಜಾದ ಮೇಲೆ ಆ ದೀಪವೇ ಅವಳಿಗೆ ಊರುಗೋಲಾಗಿತ್ತು.

ಹೋದ ತಿಂಗಳು ಅವಳು ಮಬ್ಬಿನಲ್ಲಿ ಎಡವಿದಳು. ಡಬ್ಬಿ ಚರಂಡಿಪಾಲಾಯಿತು, ಕಾಲು ಉಳುಕಿತು. ಕಾಲೇನೋ ವಾಸಿಯಾಯಿತು, ಭಯ ವಾಸಿಯಾಗಲಿಲ್ಲ. ಈಗ ಡಬ್ಬಿ ಒಯ್ಯುವವನು ಟೈಲರು. ಅಕ್ಕ ಅವನ ಕೈಯಲ್ಲಿ ಎರಡು ತುತ್ತು ತಿಂದು ಗೋಡೆ ಕಡೆ ತಿರುಗಿಬಿಡುತ್ತಿದ್ದಳು.

"ಇವತ್ತೂ ಉಳಿಸಿದ್ಳಾ?" ಎಂದು ಹೆಂಡತಿ ಡಬ್ಬಿ ತೆರೆದು ನೋಡುವಾಗ ಟೈಲರು ಹೊಲಿಗೆ ಮಿಷಿನಿನತ್ತ ತಿರುಗಿಕೊಳ್ಳುತ್ತಿದ್ದ.

ಇಂಥ ಹೊತ್ತಿನಲ್ಲಿ ಮನೆ ತೆರಿಗೆಯ ನೋಟಿಸು ಬಂತು. ಪಕ್ಕದ ಗಡಿಯಾರ ರಿಪೇರಿಯವನ ಮನೆಗೂ ಇವನ ಮನೆಗೂ ನಡುವೆ ಒಂದೇ ಗೋಡೆ. ಕಟ್ಟಿದವನೂ ಒಬ್ಬನೇ ಮೇಸ್ತ್ರಿ. ಇಬ್ಬರ ಮುಂದಿನ ಕೋಣೆಯೂ ಅಂಗಡಿಯೇ. ಆದರೂ ಇವನಿಗೆ ತೆರಿಗೆ ಜಾಸ್ತಿ. ಟೈಲರು ಸಿಟ್ಟಿಗೆದ್ದು ನೋಟಿಸನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಮಿಷಿನಿನ ಕಾಲಿನಡಿ ತುರುಕಿದ.

ಬೆಳಿಗ್ಗೆ ಬೀದಿ ಗುಡಿಸುವ ಹೆಂಗಸು ಎಂದಿನಂತೆ ನೀರಿಗೆ ಬಂದಳು.

"ಟೈಲರಣ್ಣ, ಮಿಷಿನ್ನಿಗೆ ಹೊಸ ಚಪ್ಪಲಿ ಹಾಕ್ಸಿದ್ದೀರಲ್ಲ! ಅದು ತೆರಿಗೆ ನೋಟಿಸಲ್ವಾ?"

"ಹೂಂನಮ್ಮ. ದೀಪ ಇಲ್ಲ, ಚಪ್ಪಡಿ ಇಲ್ಲ, ನಾನ್ಯಾಕೆ ಕಟ್ಲಿ?"

"ನನ್ನ ಪೊರಕೆ ಎಲ್ಲಿಂದ ಬರುತ್ತೆ ಅಂದ್ಕೊಂಡ್ರಿ?"

ಟೈಲರು ಅವಳ ಕೈಯಲ್ಲಿದ್ದ ಪೊರಕೆ ನೋಡಿದ.

"ಈ ತೆರಿಗೆ ನಮ್ಮೂರಲ್ಲೇ ಉಳಿಯುತ್ತೆ ಅಣ್ಣ. ಕಸದ ಗಾಡಿ, ಚರಂಡಿ ಕೆಲಸ, ಬೀದಿ ದೀಪ, ಮಕ್ಕಳಾಡೋ ಪಾರ್ಕು, ಎಲ್ಲಕ್ಕೂ ಇದರಲ್ಲೇ ಪಾಲು."

"ಹಾಗಾದ್ರೆ ನಾನು ಕಟ್ಲಿಲ್ಲ ಅಂತ ದೀಪ ಹಾಕ್ಲಿಲ್ಲವೋ?"

"ಛೆ ಛೆ! ಕಟ್ಟದವರ ಬಾಗಿಲೂ ಗುಡಿಸ್ತೀನಿ ನಾನು. ಆದ್ರೆ ತೆರಿಗೆ ಬರೋದು ಕಮ್ಮಿಯಾದ್ರೆ ಕೆಲಸ ಸಾಲಲ್ಲಿ ಕಾಯುತ್ತೆ. ಅದೂ ಇರಲಿ, ಆ ದೀಪ ಕೆಟ್ಟಿದೆ ಅಂತ ಯಾರಾದ್ರೂ ಬರ್ಕೊಟ್ರಾ?"

"ಬೇರೆ ಯಾರೋ ಕೊಟ್ಟಿರ್ತಾರೆ ಅಂದ್ಕೊಂಡೆ."

"ಬೀದಿಯವರೆಲ್ಲ ಹಾಗೇ ಅಂದ್ಕೊಂಡಿದ್ದಾರೆ."

"ಸರಿ ಬಿಡಮ್ಮ. ಗಡಿಯಾರದವನಿಗಿಂತ ನನಗೆ ಜಾಸ್ತಿ ಯಾಕೆ?"

"ಮನೆ ಎಷ್ಟಗಲ, ಎಂಥ ಕಟ್ಟಡ, ವಾಸಕ್ಕೋ ವ್ಯಾಪಾರಕ್ಕೋ ನೋಡಿ ಹಾಕ್ತಾರೆ. ಅಳತೆ ಬರ್ಕೊಟ್ಟಿದ್ದು ಯಾರು?"

"ನಾನೇ! ಇದೇ ಟೇಪಲ್ಲಿ. ನಲವತ್ತು ವರ್ಷದಲ್ಲಿ ಒಂದು ಅಂಗಿ ಕೆಟ್ಟಿಲ್ಲ."

ಒಳಗಿನಿಂದ ಹೆಂಡತಿಯ ನಗು ಕೇಳಿಸಿತು. "ರೀ, ಟೇಪಿನ ಇನ್ನೊಂದು ತುದಿ ಹಿಡಿದವಳು ನಾನು. ಪ್ರತಿ ಗೋಡೆಗೂ ಹೊಲಿಗೆಗೆ ಅಂತ ಒಂದಡಿ ಸೇರಿಸಿ ಬರೆದ್ರಲ್ಲ, ಅದನ್ನ ಹೇಳಿ!"

"ಅಳತೆ ಅಂದ್ಮೇಲೆ ಸ್ವಲ್ಪ ಬಿಡಬೇಕಲ್ವೇನೇ? ಒಗೆದ್ರೆ ಕುಗ್ಗುತ್ತೆ..."

"ಮನೇನ ಒಗೀತೀರಾ?"

ಗುಡಿಸುವ ಹೆಂಗಸಿಗೆ ಕುಡಿದ ನೀರು ನೆತ್ತಿಗೇರಿತು. ಟೈಲರು ಮುಖ ಕೆಂಪಗೆ ಮಾಡಿಕೊಂಡು ಮಿಷಿನಿನ ಕಾಲೆತ್ತಿ ನೋಟಿಸು ಹೊರತೆಗೆದ.

"ತಪ್ಪಿದ್ರೆ ತಿದ್ದುಪಡಿಗೆ ಅರ್ಜಿ ಕೊಡಬಹುದು ಅಣ್ಣ. ಗಡುವು ನೋಟಿಸಲ್ಲೇ ಇರುತ್ತೆ. ತಡ ಮಾಡಿದ್ರೆ ದಂಡ ಬೀಳುತ್ತೆ. ಹಾಗೇ ಗುರುವಾರ ವಾರ್ಡ್ ಸಭೆ ಇದೆ, ಬನ್ನಿ. ದೀಪದ ಮಾತು ಅಲ್ಲಿ ಎತ್ತಿ."

ಟೈಲರು ಅಂದೇ ಅರ್ಜಿ ಬರೆದ. ಕಚೇರಿಯವರು ಬಂದು ಅಳೆದರು, ಗೋಡೆಯಿಂದ ಗೋಡೆಗೆ, ಹೊಲಿಗೆಗೆ ಏನೂ ಬಿಡದೆ. ತೆರಿಗೆ ಗಡಿಯಾರದವನಷ್ಟೇ ಆಯಿತು. ಕಟ್ಟಿ ರಸೀದಿ ತಂದು ಹೆಂಡತಿಯ ಕೈಗಿಟ್ಟ.

ಗುರುವಾರದ ಸಭೆಯಲ್ಲಿ ಅವನು ಎದ್ದು ನಿಂತ. ಕೊರಳಲ್ಲಿದ್ದ ಟೇಪನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಂಗೆ ಮಾತು ಬರಲ್ಲ. ನನ್ನ ಹೆಂಡ್ತಿ ಅವಳಕ್ಕನಿಗೆ ತುತ್ತು ಕೊಟ್ಟು ಒಂದು ತಿಂಗಳಾಯ್ತು. ಒಂದು ದೀಪ, ಒಂದು ಚಪ್ಪಡಿ. ಅಷ್ಟೇ."

ಯಾರೂ ನಗಲಿಲ್ಲ. ಕಚೇರಿಯವರು ಬರೆದುಕೊಂಡರು. ಗಡಿಯಾರದವನೂ ಎದ್ದು "ನಂದೂ ಅದೇ ದೂರು" ಎಂದ. ಹಿಂದೆಯೇ ಇನ್ನೂ ಏಳು ಮಂದಿ ಎದ್ದರು.

ಮೊದಲು ಚಪ್ಪಡಿ ಬಂತು. ದೀಪಕ್ಕೆ ಇನ್ನೂ ಹದಿನೈದು ದಿನ ಹಿಡಿಯಿತು. ಅದು ಹತ್ತಿದ ಸಂಜೆ ಹೆಂಡತಿ ಗಂಡನ ಕೈಯಿಂದ ಡಬ್ಬಿ ಇಸಿದುಕೊಂಡಳು.

"ಬರ್ಲೇನೇ ಜೊತೆಗೆ?"

"ಬೇಡ. ಕಾಣಿಸ್ತಿದೆ."

ಅವನು ಬಾಗಿಲಲ್ಲೇ ನಿಂತು ನೋಡಿದ. ಹೊಸ ಚಪ್ಪಡಿಯನ್ನು ಅವಳು ಪಾದದಿಂದ ಒಮ್ಮೆ ಒತ್ತಿ ನೋಡಿ ದಾಟಿದಳು. ಸ್ವಲ್ಪ ಹೊತ್ತಿಗೆ ಮೂರನೇ ಮನೆಯ ಕಿಟಕಿಯಿಂದ ಅಕ್ಕನ ಧ್ವನಿ ಬೀದಿಗೆಲ್ಲ ಕೇಳಿಸಿತು: "ಬಂದ್ಯಾ? ನಿನ್ನ ಗಂಡನ ತುತ್ತು ಗುಂಡಿ ಹೊಲಿದ ಹಾಗಿತ್ತು ಕಣೇ, ಗಂಟಲಲ್ಲಿ ಇಳೀತಿರ್ಲಿಲ್ಲ!"

ಟೈಲರು ಒಬ್ಬನೇ ನಕ್ಕ. ಕಣ್ಣೊರೆಸಿಕೊಂಡ.

ಇದನ್ನು ಓದಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ನೋಟಿಸು ಯಾವುದರ ಕಾಲಿನಡಿ ಇದೆಯೋ ಈಗಲೇ ತೆಗೆಯಿರಿ. ಅಳತೆ ಸರಿಯಿದೆಯೇ ನೋಡಿ. ತಪ್ಪಿದ್ದರೆ ಬರೆದು ಕೇಳಿ, ಸರಿಯಿದ್ದರೆ ಗಡುವಿನೊಳಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಆಮೇಲೆ ವಾರ್ಡ್ ಸಭೆಗೆ ಹೋಗಿ ನಿಮ್ಮ ಬೀದಿಗೆ ಬೇಕಾದುದನ್ನು ಕೇಳಿ. ಕತ್ತಲಾದ ಮೇಲೆ ಹೊರಗೆ ಕಾಲಿಡಲು ಹೆದರುವವರು ನಿಮ್ಮ ಬೀದಿಯಲ್ಲೂ ಒಬ್ಬರಿದ್ದಾರು.