ಕೈಯಲ್ಲಿ ಕರಗಿದ ಮದ್ದು

ಮುಂದೆ ಹೋಗುತ್ತಿದ್ದ ಕೈಗಾಡಿಯಿಂದ ಮಂಜುಗಡ್ಡೆಯ ನೀರು ಹಡಪಸರದ ರಸ್ತೆಯುದ್ದಕ್ಕೂ ಸೋರುತ್ತಿತ್ತು, ಗೋಣಿ ಹೊದ್ದ ಗಡ್ಡೆ, ಗೋಣಿಯ ಅಂಚಿನಿಂದ ತೊಟ್ಟು ತೊಟ್ಟು, ದೇವದಾಸ ಸ್ಕೂಟರ್ ನಿಧಾನ ಮಾಡಿ ಅದರ ಹಿಂದೆಯೇ ಉಳಿದ, ಮುಂದೆ ಹೋಗಲು ಜಾಗವಿತ್ತು, ಆದರೆ ಬೇಗ ಮನೆ ಮುಟ್ಟಿದರೆ ಹೆಂಡತಿ ಪಂಕಜಾಕ್ಷಿ ಕೇಳುತ್ತಾಳೆ, ಡಾಕ್ಟ್ರು ಎಂತ ಹೇಳಿದ್ರು — ಡಾಕ್ಟರು ಹೆಚ್ಚೇನೂ ಹೇಳಲಿಲ್ಲ, ಕೇಳಿದರು ಅಷ್ಟೆ, ಇಂಜೆಕ್ಷನ್ ಕೊಟ್ಟ ದಿನ ಅವರಿಗೆ ಜ್ವರ ಬರುತ್ತಿತ್ತಾ, ಚಳಿ, ಮೈಕೈ ನೋವು? ಒಂದು ದಿನವೂ ಇಲ್ಲ ಡಾಕ್ಟರ್ ಸಾಹೇಬ್ರೇ, ಅವಳದು ಗಟ್ಟಿ ಮೈ, ಎಂದು ತನ್ನ ಹರಕು ಮರಾಠಿಯಲ್ಲಿ ಹೆಮ್ಮೆಯಿಂದ ಹೇಳಿದ್ದ, ಡಾಕ್ಟರು ಪೆನ್ನು ಕೆಳಗಿಟ್ಟರು, ಮದ್ದು ಎಲ್ಲಿ ಇಡುತ್ತಿದ್ದಿರಿ? ನಮ್ಮ ಹೋಟೆಲಿನ ಡೀಪ್ ಫ್ರೀಜರಿನಲ್ಲಿ, ಮನೆಯ ಫ್ರಿಜ್ಜನ್ನು ನಂಬುವ ಹಾಗಿಲ್ಲ, ಗುರುವಾರ ಬಂತೆಂದರೆ ಕರೆಂಟು ಹೋಗುತ್ತದೆ, ಹೋಟೆಲಿಗಾದರೆ ಜನರೇಟರ್ ಇದೆ — ಇದನ್ನೂ ಹೆಮ್ಮೆಯಿಂದಲೇ ಹೇಳಿದ, ಮಹಾ ಜಾಣ. ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದು ಹೆಪ್ಪುಗಟ್ಟಬಾರದು ದೇವದಾಸ್, ಹೆಪ್ಪುಗಟ್ಟಿದರೆ ಸತ್ತಂತೆ, ಮದ್ದು ಕೆಲಸ ಮಾಡಿದ್ದರೆ ಜ್ವರ ಬರಲೇಬೇಕಿತ್ತು, ನೀವು ಇಷ್ಟು ತಿಂಗಳು ಅವರಿಗೆ ಚುಚ್ಚಿದ್ದು ನೀರು, ಎಂದರು.

ನೀರು. ಸಿಗ್ನಲ್ಲಿನಲ್ಲಿ ಕೈಗಾಡಿ ನಿಂತಿತು, ಅವನೂ ನಿಂತ, ಹಿಂದಿನ ಟೆಂಪೋದವನು ಹಾರ್ನ್ ಒತ್ತಿದ. ಇಪ್ಪತ್ತು ವರ್ಷ ಈ ಊರಲ್ಲಿ ಹೋಟೆಲ್ ನಡೆಸಿದವನು, ಹಾಳಾಗುವುದನ್ನು ಹಾಳಾಗದಂತೆ ಉಳಿಸುವುದೇ ಉದ್ಯೋಗ, ಕಾಯಿಚಟ್ನಿ ಹೊರಗೆ ಬಿಟ್ಟ ಕೆಲಸದವನನ್ನು ಅದೇ ದಿನ ಕಳಿಸಿದವನು, ಬಟಾಣಿ ಫ್ರೀಜರಿಗೆ, ಐಸ್‌ಕ್ರೀಮು ಫ್ರೀಜರಿಗೆ, ತಂಪು ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು, ಇದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ, ಮೆಡಿಕಲ್ ಶಾಪಿನವನು ತಂಪಾಗಿಡಿ ಅಂದ, ಇವನು ಇನ್ನೂ ತಂಪಾಗಿಟ್ಟ, ಪೆಟ್ಟಿಗೆಯೊಳಗಿನ ಇಂಗ್ಲಿಷ್ ಕಾಗದವನ್ನು ಬಿಡಿಸಿಯೂ ನೋಡಲಿಲ್ಲ. ಆ ಡಾಕ್ಟರೇ ಮೊದಲ ದಿನ ಎಷ್ಟು ಚೆನ್ನಾಗಿ ತಿಳಿಸಿ ಹೇಳಿದ್ದರು, ನೀವು ಹೋಟೆಲಿನವರಲ್ಲವೇ, ಹೀಗೆಂದುಕೊಳ್ಳಿ, ಈ ವೈರಸ್ಸು ಲಿವರಿನ ಒಂದೊಂದು ಜೀವಕೋಶದ ಅಡುಗೆಮನೆಗೂ ನುಗ್ಗುತ್ತದೆ, ನಿಮ್ಮದೇ ಗ್ಯಾಸು, ನಿಮ್ಮದೇ ಪಾತ್ರೆ, ನಿಮ್ಮದೇ ಭಟ್ಟರು, ಆದರೆ ಬೇಯುವುದೆಲ್ಲ ಅದರ ಮರಿಗಳು, ಈ ಇಂಟರ್‌ಫೆರಾನ್ ಮದ್ದು ಹೋಗಿ ಒಲೆ ಆರಿಸಿ ಎಂದು ಅಡುಗೆಮನೆಗೆ ಹೇಳುತ್ತದೆ, ಅಷ್ಟೆ. ಎಷ್ಟು ಸರಿಯಾಗಿ ಅರ್ಥವಾಗಿತ್ತು ಅವನಿಗೆ. ಮಗಳು ಅಪೇಕ್ಷಾ ಹುಟ್ಟಿದಾಗ, ಎಂಬತ್ತೆಂಟರಲ್ಲಿ, ಪಂಕಜಾಕ್ಷಿಗೆ ರಕ್ತಸ್ರಾವ ನಿಲ್ಲದೆ ಯಾರದೋ ರಕ್ತ ಹಾಕಿದರು, ಆ ಕಾಲಕ್ಕೆ ರಕ್ತದಲ್ಲಿ ಈ ವೈರಸ್ಸನ್ನು ಹುಡುಕುವ ಪರೀಕ್ಷೆಯೇ ಇರಲಿಲ್ಲ, ಹತ್ತು ವರ್ಷ ಅದು ಒಳಗೇ ಬೇಯಿಸಿತು, ಅವಳಿಗೆ ಬರೀ ಸುಸ್ತು, ಮಗು ಹೆತ್ತವರಿಗೆ ಸುಸ್ತು ಇದ್ದದ್ದೇ ಎಂದು ಇವನೂ ನಕ್ಕಿದ್ದ.

ಇಂಜೆಕ್ಷನ್ ಕೊಡುವುದನ್ನು ಅವನು ಜ್ಯೂಸ್ ಕೌಂಟರಿನ ಮೋಸಂಬಿಯ ಮೇಲೆ ಚುಚ್ಚಿ ಚುಚ್ಚಿ ಕಲಿತ, ನರ್ಸು ಬೇಡ, ನೀವೇ ಕೊಡಿ ಎಂದು ಪಂಕಜಾಕ್ಷಿ ಹೇಳಿದ್ದಳು. ಊಟದ ಗಿರಾಕಿಗಳು ತೀರಿದ ಮೇಲೆ ಫ್ರೀಜರಿನಿಂದ ಸೀಸೆ ತೆಗೆದು ಮೇಲಿನ ಮನೆಗೆ ಮೆಟ್ಟಿಲು ಹತ್ತುತ್ತಿದ್ದ, ಹೆಬ್ಬೆರಳಿನಷ್ಟು ಸೀಸೆ, ಒಳಗೆ ಬೆಳ್ಳಗೆ ಕಲ್ಲಾಗಿರುತ್ತಿತ್ತು, ಬಿಸಿನೀರಿಗೆ ಹಾಕಿದರೆ ಮದ್ದು ಕೆಟ್ಟೀತು ಎಂಬ ಭಯ — ಆ ಬುದ್ಧಿ ಇತ್ತು ನೋಡಿ — ಬಲಗೈ ಮುಷ್ಟಿಯೊಳಗೆ ಹಿಡಿದು ಅವಳ ಪಕ್ಕ ಕೂರುತ್ತಿದ್ದ, ಬೆರಳು ಮರಗಟ್ಟುತ್ತಿತ್ತು, ಅವಳು ಊರಿನ ಸುದ್ದಿ ಹೇಳುತ್ತಿದ್ದಳು, ಆಮೇಲೆ ಸೆರಗು ಸರಿಸಿ ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಹ್ಞೂಂ ಎನ್ನುತ್ತಿದ್ದಳು. ಮೊದಲ ದಿನ ಕಂಬಳಿ, ಜ್ವರದ ಮಾತ್ರೆ ಎಲ್ಲ ತಯಾರಿಟ್ಟು ಕಾದರು, ಜ್ವರ ಬರಲೇ ಇಲ್ಲ, ಮರುದಿನ ಅವಳೇ ಎದ್ದು ಹೆಸರುಬೇಳೆ ಪಾಯಸ ಮಾಡಿದಳು, ದೇವರು ದೊಡ್ಡವನು ಎಂದು ಇಬ್ಬರೂ ಕೈಮುಗಿದರು. ಜ್ವರ ಬಂದಿದ್ದರೆ ಬದುಕುತ್ತಿದ್ದಳು.

ಬದುಕುತ್ತಿದ್ದಳು ಅಂತ ಯಾಕೆ, ಇನ್ನೂ ಇದ್ದಾಳಲ್ಲ, ಇನ್ನೂ ಹೊತ್ತಿದೆ ಎಂದರಲ್ಲ ಡಾಕ್ಟರು, ಮದ್ದು ಸೋತಿಲ್ಲ, ಅವರ ಮೈಗೆ ಅದು ಸಿಕ್ಕೇ ಇಲ್ಲ, ಮೊದಲಿನಿಂದ ಶುರು ಮಾಡೋಣ, ಬಿಟ್ಟರೆ ಲಿವರ್ ಕಲ್ಲಾಗುತ್ತದೆ, ಅವರನ್ನು ಒಪ್ಪಿಸಿ. ಒಪ್ಪಿಸುವುದು ಹೇಗೆ, ಕಳೆದ ಸಲ, ವೈರಸ್ಸು ಒಂದಿಷ್ಟೂ ಇಳಿದಿಲ್ಲ ಎಂದು ಗೊತ್ತಾದಾಗ, ಡಾಕ್ಟರ ಎದುರಿನ ಅದೇ ಕುರ್ಚಿಯಲ್ಲಿ ಕೂತು ಬೇಡ ಎಂದಿದ್ದಾಳೆ, ಆಸೆ ಇಟ್ಟು ಸಾಕಾಗಿದೆ ಎಂದಿದ್ದಾಳೆ, ಒಪ್ಪಬೇಕಾದರೆ ನಿಜ ಗೊತ್ತಾಗಬೇಕು, ನಿಜ ಗೊತ್ತಾದರೆ ಮತ್ತೆ ಅವನ ಮುಂದೆ ಸೆರಗು ಸರಿಸಿಯಾಳೇ. ಕೈಗಾಡಿ ಎಡಕ್ಕೆ ತಿರುಗಿತು, ಹೋಟೆಲಿನ ಬೋರ್ಡು ಕಂಡಿತು, ಗಲ್ಲಾದ ಕಡೆ ನೋಡದೆ ಮೆಟ್ಟಿಲು ಹತ್ತಿದ.

ಅವಳು ಕಿಟಕಿಯ ಹತ್ತಿರ ಮಲಗಿದ್ದಳು, ಕಣ್ಣಿನ ಬಿಳಿಯಲ್ಲಿ ತೆಳು ಹಳದಿ, ಮುಖ ಬಾಡಿತ್ತು. ಬಂದ್ರಾ, ಎಂತ ಹೇಳಿದ್ರು? ಇನ್ನೊಂದು ಸಲ ಶುರು ಮಾಡುವ ಅಂತ ಹೇಳಿದ್ರು. ಬೇಡ ಮಾರಾಯ್ರೆ, ನನ್ನ ಮೈಯೇ ಸರಿ ಇಲ್ಲ, ಅಷ್ಟು ಒಳ್ಳೆ ಮದ್ದು ಹಾಕಿದ್ರೂ ತಾಗ್ಲಿಲ್ಲ ಅಂದ್ರೆ ಮದ್ದಿನ ತಪ್ಪಾ, ನೀವೆಂತ ಕಮ್ಮಿ ಮಾಡಿದ್ದೀರಿ, ನನ್ನಿಂದಲೇ ಎಲ್ಲ ದಂಡ ಆಯ್ತು, ಬೇಜಾರು ಮಾಡ್ಬೇಡಿ ಆಯ್ತಾ — ಕ್ಷಮೆ ಕೇಳುತ್ತಿದ್ದಾಳೆ, ಇವಳು, ಅವನನ್ನು, ನೀರು ಬೇಕಾ ಎಂದು ಕೇಳಿ ತಪ್ಪಿಸಿಕೊಳ್ಳೋಣ ಎನಿಸಿತು, ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟೂ ಇಟ್ಟ, ತಿರುಗಿದ, ನಿನ್ನ ಮೈಯದ್ದಲ್ಲ ಪಂಕಜಾ, ಎಂದ. ಮತ್ತೆ ಯಾರದ್ದು? ಅವಳು ತಲೆ ಎತ್ತಿ ನೋಡುತ್ತಿದ್ದಾಳೆ, ಹಳದಿ ಕಣ್ಣಿನಲ್ಲಿ ಇಷ್ಟು ದಿನ ಇಲ್ಲದ ಒಂದು ಆಸೆ, ಹೇಳಬೇಕು, ಹೇಳಿದರೆ ಉಳಿಯುತ್ತಾಳೆ, ಸೀಸೆ ಕರಗಿಸುತ್ತಿದ್ದ ಬಲಗೈ ತಾನಾಗಿ ಮುಂದೆ ಹೋಯಿತು, ಮುಷ್ಟಿ ಬಿಗಿದಿತ್ತು, ಅವಳ ಮುಂದೆ ಅದನ್ನು ಬಿಚ್ಚಿದ, ಒಳಗೆ ಏನೂ ಇರಲಿಲ್ಲ, ಬರೀ ಬೆವರು, ಅವಳು ಅಂಗೈಯನ್ನೇ ನೋಡುತ್ತಿದ್ದಾಳೆ, ಅವನೂ ಅಂಗೈಯನ್ನೇ, ಅಂಗೈ, ಒದ್ದೆ ಅಂಗೈ.