ಯಾರ ಮನೆಗೆ ರೊಟ್ಟಿ

ನನ್ನ ತಮ್ಮ ಲಾಕ್ಲನ್ ಮೊದಲು ವಕೀಲ, ಆಮೇಲೆ ಸಿಪಾಯಿ, ಈಗ ಕೆನಡಾದ ರಕ್ಷಣಾ ಮಂತ್ರಿ. ವೇಷ ಮೂರಾದರೂ ನಾಲಿಗೆ ಮಾತ್ರ ವಕೀಲನದೇ. ಹಿಂದಿನ ಮಹಾಯುದ್ಧಕ್ಕೆ ನಮ್ಮ ಕೇಪ್ ಬ್ರೆಟನ್ ದ್ವೀಪದ ಮೀನುಗಾರರ ಹುಡುಗರನ್ನು ಕರೆದುಕೊಂಡು ಹೋದವನು ಅವನು. ಅರ್ಧಕ್ಕರ್ಧ ಜನ ಫ್ರಾನ್ಸಿನ ಕೆಸರಿನಲ್ಲೇ ಉಳಿದರು. ಇವನು ಕುಂಟುತ್ತ ಬಂದು, ಒಬ್ಬೊಬ್ಬ ತಾಯಿಯ ಬಾಗಿಲಿಗೂ ಹೋಗಿ ಟೋಪಿ ತೆಗೆದು, "ಅವನಿಗೆ ನೋವಾಗ್ಲಿಲ್ಲ ತಾಯಿ, ಒಂದೇ ಗಳಿಗೆ" ಎಂದ. ಸಾವಿನ ಮನೆಗೆ ಬರಿಗೈಲಿ ಹೋಗಬಾರದೆಂದು ಓಟ್ಸ್ ರೊಟ್ಟಿಯ ಬುಟ್ಟಿ ಹಿಡಿದು ಅವನ ಹಿಂದೆ ನಾನು. ಆ ತಾಯಂದಿರೇ ಅವನಿಗೆ ಓಟು ಹಾಕಿ ಗೆಲ್ಲಿಸಿದರು.

ಒಮ್ಮೆ ಅವನಿಗೆ ವಿಸ್ಕಿ ತಲೆಗೇರಿದ್ದಾಗ ಕೇಳಿದೆ, "ಒಬ್ಬನಿಗೂ ನೋವಾಗ್ಲಿಲ್ವೇನೋ?"

"ಪಕ್ಕದ ಮನೆ ಮೊರಾಗಮ್ಮನ ಮಗ ಇವ್ಯಾನ್ ಇಡೀ ದಿನ ಮುಳ್ಳುತಂತಿ ಮೇಲೆ ನೇತಾಡ್ಕೊಂಡು ಕೂಗ್ತಿದ್ದ ಅಕ್ಕ. ಹೋಗಿ ಹೇಳ್ಲಾ?"

"ಬೇಡಪ್ಪ," ಎಂದು ಅವನ ಲೋಟ ತುಂಬಿಸಿದೆ. ಅದೊಂದು ಗುಟ್ಟನ್ನು ಮಾತ್ರ ಹೊಟ್ಟೆಯಲ್ಲಿಟ್ಟುಕೊಂಡೆ.

ಈ ಎರಡನೇ ಮಹಾಯುದ್ಧದಲ್ಲಿ ಮಂತ್ರಿಯಾದ ಮೇಲೂ ಅವನು ಪದ್ಧತಿ ಬಿಡಲಿಲ್ಲ. ನಮ್ಮೂರಿನ ಸಾವಿನ ತಂತಿ, ಅವನು ರಾಜಧಾನಿಯಿಂದ ರೈಲಿನಲ್ಲಿ ಬರುವವರೆಗೆ ಅಂಚೆಮನೆಯಲ್ಲೇ ಕಾಯಬೇಕು. ಅಲ್ಲಿಯವರೆಗೆ ತಾಯಿ ಸತ್ತ ಮಗನಿಗೆ ಕಾಲುಚೀಲ ಹೆಣೆಯುತ್ತ ಕೂತಿರುತ್ತಿದ್ದಳು. ಬಂದವನು ನನಗೆ ಹೇಳಿಕಳಿಸುತ್ತಿದ್ದುದು ಒಂದೇ ಮಾತು: "ರೊಟ್ಟಿ ಸುಡು." ಯಾರ ಮನೆಗೆಂದು ಹೇಳುತ್ತಿರಲಿಲ್ಲ, ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಅಂತ. ಕಾರು ನಿಂತ ಮೇಲೇ ನನಗೂ ಗೊತ್ತಾಗುತ್ತಿತ್ತು.

ನನಗೇನು ಭಯ? ತಡವಾಗಿ ಹುಟ್ಟಿದ ನನ್ನ ಒಬ್ಬನೇ ಮಗ ಹೆಕ್ಟರ್ ಇಲ್ಲೇ ಕರಾವಳಿ ಕಾಯುವ ಸಿಪಾಯಿ. ತಾವಾಗಿ ಸಹಿ ಹಾಕದವರನ್ನು ಸಮುದ್ರ ದಾಟಿಸುವುದಿಲ್ಲವೆಂದು ಮಂತ್ರಿಯೇ ಮಾತು ಕೊಟ್ಟಿದ್ದ. ಸಹಿ ಹಾಕಬಾರದೆಂದು ಹೆಕ್ಟರ್‌ನಿಂದ ನಾನು ಆಣೆ ಮಾಡಿಸಿಕೊಂಡಿದ್ದೆ. ಮೊಮ್ಮಗನನ್ನೂ ಯುದ್ಧಕ್ಕೆ ಕಳಿಸಿದ್ದ ಮೊರಾಗ್ ಮುದುಕಿ ಚರ್ಚಿನಲ್ಲಿ "ಹೇಡಿ ಹೆತ್ತವಳು" ಎಂದಳು. ಅಂದುಕೊಳ್ಳಲಿ, ಮಗ ಬದುಕಿದ್ದರೆ ಸಾಕು.

ಚಳಿಗಾಲದಲ್ಲಿ ಲಾಕ್ಲನ್ ಆ ಮಾತು ಮುರಿದ. ಹುಡುಗರು ಸಾಲುತ್ತಿಲ್ಲವಂತೆ.

"ದಮ್ಮಯ್ಯ ಲಾಕೀ, ಅವನೊಬ್ಬನ್ನ ಬಿಡಿಸೋ," ಎಂದು ಫೋನಿನಲ್ಲಿ ಗೋಗರೆದೆ.

"ಮೊರಾಗಮ್ಮನ ಮೊಮ್ಮಗನ್ನ ಕಳಿಸಿ ನನ್ನಕ್ಕನ ಮಗನ್ನ ಇಟ್ಕೊಳ್ಳೋಕಾಗುತ್ತಾ? ಆಗಲ್ಲ ಅಕ್ಕ."

ಹೆಕ್ಟರ್‌ನನ್ನು ಹಡಗು ಹತ್ತಿಸಿದರು.

ಬಂದರಿನ ಮಂಜುಗಡ್ಡೆ ಒಡೆಯುವ ಕಾಲಕ್ಕೆ ಮತ್ತೆ ಹೇಳಿಕಳಿಸಿದ: "ರೊಟ್ಟಿ ಸುಡು." ಹೆಕ್ಟರ್‌ನೇ ಇರಬಹುದೇ ಎನಿಸಿತು. ಆಮೇಲೆ ಸಮಾಧಾನ ಮಾಡಿಕೊಂಡೆ. ನನ್ನವನಾಗಿದ್ದರೆ ನನ್ನ ಕೈಯಲ್ಲೇ ಸುಡಿಸುತ್ತಿದ್ದನೇ? ಎಷ್ಟಾದರೂ ಒಡಹುಟ್ಟಿದವನು. ಹೆಕ್ಟರ್‌ಗಾಗಿ ಹೆಣೆಯುತ್ತಿದ್ದ ಕಾಲುಚೀಲ ಪಕ್ಕಕ್ಕಿಟ್ಟು ಒಲೆ ಹಚ್ಚಿದೆ.

ಬಿಸಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ತಮ್ಮನ ಪಕ್ಕ ಕೂತೆ. ಬಟ್ಟೆ ಒಣಹಾಕುತ್ತಿದ್ದ ಮೊರಾಗ್ ನಮ್ಮನ್ನು ನೋಡಿ ಕಲ್ಲಾದಳು. ಇವಳ ಮೊಮ್ಮಗನೇ ಆಗಿರಲಿ ದೇವರೇ ಎಂದು ಮನಸಾರೆ ಬೇಡಿಕೊಂಡೆ. ಕಾರು ನಿಲ್ಲಲಿಲ್ಲ. ಮುಂದಿನ ಮನೆ, ಅದರ ಮುಂದಿನ ಮನೆ, ಎಲ್ಲೂ ನಿಲ್ಲಲಿಲ್ಲ. ರಸ್ತೆ ಮುಗಿಯುವ ದೋಣಿಕಟ್ಟೆಯಲ್ಲಿ ಮನೆಗಳೇ ಇಲ್ಲ. ಅಲ್ಲಿ ಕಾರು ತಿರುಗಿತು.

"ಯಾರ ಮನೆಗೋ?" ಎಂದೆ. ಅವನು ಕಿಟಕಿಯಾಚೆ ನೋಡುತ್ತಿದ್ದ.

ಕಾರು ವಾಪಸು ಬಂದು ನನ್ನ ಗೇಟಿನ ಮುಂದೆ ನಿಂತಿತು. ನಾನು ಇಳಿದೆ. ಇವನೂ ಇಳಿದು ಟೋಪಿ ತೆಗೆದ. "ಅಕ್ಕ, ಅವನಿಗೆ ನೋವಾಗ್ಲಿಲ್ಲ. ಒಂದೇ ಗಳಿಗೆ."

ನನ್ನ ಮಗನಿಗೂ ಅದೇ ಸುಳ್ಳು! ಅಷ್ಟರಲ್ಲಿ ಮೊರಾಗ್ ಬೇಲಿಯ ಗೇಟು ತೆಗೆದು ಓಡಿಬಂದು ನನ್ನನ್ನು ತಬ್ಬಿಕೊಂಡಳು. "ಅಳ್ಬೇಡ ಎಫೀ. ನನ್ನ ಇವ್ಯಾನ್ ಹಾಗೇನೇ, ಒಂದೇ ಗಳಿಗೆ. ಇಷ್ಟು ವರ್ಷ ಅದೇ ನಂಬಿಕೇಲೇ ಬದುಕಿದೀನಿ ನೋಡು."

"ಅಕ್ಕಾ, ಬೇಡ," ಎಂದ ತಮ್ಮ.

"ನಿಮ್ಮ ಇವ್ಯಾನ್ ಇಡೀ ದಿನ ಮುಳ್ಳುತಂತಿ ಮೇಲೆ ಕೂಗಿ ಕೂಗಿ ಸತ್ತ ಮೊರಾಗಮ್ಮ," ಎಂದೆ. "ಇವನು ನೋಡ್ತಾ ಇದ್ದ."

ಅವಳ ಕೈ ನನ್ನ ಹೆಗಲಿನಿಂದ ಜಾರಿತು. ರೊಟ್ಟಿ ಇನ್ನೂ ಬಿಸಿಯಾಗಿತ್ತು. ಬುಟ್ಟಿಯನ್ನು ಅವಳ ಕೈಗಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.